ಪ್ಲಾನಪ್ಪ

ಇಂಜಿನಿಯರಿಂಗ್ ಕಾಲೇಜು ಎಂದಮೇಲೆ ಕ್ಲಾಸಿಗೊಬ್ಬ ಪ್ಲಾನಪ್ಪ ಇದ್ದೇ ಇರುತ್ತಾನೆ. ನಮ್ಮ ಪಾಲಿಗೆ ಬಂದವನು ರಾಜಾಜಿನಗರದ ನನ್ನ ಅಕ್ಕನ ಮಗ. ವಯಸ್ಸು 21, ವಿಟಿಯು ಕೃಪೆಯಿಂದ ಗಣಿತದ ಎಂ-3 ಪೇಪರ್ ಬ್ಯಾಕ್ ಉಳಿದಿದೆ. ಹಾಗೆಂದು ಅವನನ್ನು ಸೋಮಾರಿ ಎಂದೀರಿ, ಜೋಕೆ. ಉಳಿದವರು ಓದುವುದಕ್ಕೆ ಪಡುವ ಕಷ್ಟದ ಎರಡರಷ್ಟನ್ನು ಅವನು ಓದಲು ಅಣಿಯಾಗುವುದಕ್ಕೇ ಪಡುತ್ತಾನೆ.

ಅವನ ಟೈಮ್‌ಟೇಬಲ್ ನೋಡಬೇಕು ನೀವು. ಬೆಳಗ್ಗೆ 4:30ಕ್ಕೆ ಏಳುವುದು, 4:35ಕ್ಕೆ ಪ್ರಾಣಾಯಾಮ, 5ಕ್ಕೆ ಫೂರಿಯರ್ ಸರಣಿ. ಫೂರಿಯರ್‌ಗೆ ನೀಲಿ ಸ್ಕೆಚ್ ಪೆನ್ನು, ಲ್ಯಾಪ್ಲಾಸ್‌ಗೆ ಕೆಂಪು, ಸ್ನಾನ-ತಿಂಡಿಗೆ ಹಳದಿ. ಗೆರೆ ಕೂದಲೆಳೆಯಷ್ಟು ವಾಲಿದರೂ ಹಾಳೆ ಹರಿದು ಮತ್ತೆ ಮೊದಲಿಂದ. ಮುಗಿಯುವ ಹೊತ್ತಿಗೆ ರಾತ್ರಿ ಎರಡು ಗಂಟೆ. 4:30ಕ್ಕೆ ಅಲಾರಂ ಬಡಿದುಕೊಂಡರೆ ಎದ್ದು ಬಂದು ಆರಿಸುವವಳು ಅಕ್ಕ. ಇವನು ಏಳುವುದು ಒಂಬತ್ತೂವರೆಗೆ. ಬೆಳಗೇ ಕೈಬಿಟ್ಟ ಮೇಲೆ ಮಿಕ್ಕ ದಿನ ಇಟ್ಟುಕೊಂಡು ಏನು ಮಾಡುವುದು? ನಾಳೆಯಿಂದ. ನಾಳೆ ಗುರುವಾರ, ವಾರದ ನಡುವೆ ಶುರು ಮಾಡಿದರೆ ಚೆನ್ನಾಗಿರುವುದಿಲ್ಲ. ಸೋಮವಾರ ನೋಡಿದರೆ ಅಮಾವಾಸ್ಯೆ. ಅದು ಕಳೆದರೆ ಒಂದನೇ ತಾರೀಖು ಇಲ್ಲೇ ಇದೆಯಲ್ಲ! ದೇವರಿಗೆ ಕೈಮುಗಿಯದ ಹುಡುಗ ಓದಿನ ವಿಷಯದಲ್ಲಿ ಮಾತ್ರ ಆಷಾಢವನ್ನೂ ಬಿಡುವುದಿಲ್ಲ.

ಕೊನೆಗೆ ಅಕ್ಕ ಜಯನಗರದ ಮೇಡಂ ಒಬ್ಬರನ್ನು ಗೊತ್ತುಮಾಡಿದಳು. ಟ್ಯೂಷನ್ ಅಲ್ಲ, ಎಕ್ಸಿಕ್ಯೂಟಿವ್ ಫಂಕ್ಷನ್ ಕೋಚಿಂಗ್. ಲೆಕ್ಕ ಹೇಳಿಕೊಡುವುದಿಲ್ಲ. ಲೆಕ್ಕಕ್ಕೆ ಕೈಹಚ್ಚುವುದು ಹೇಗೆ, ಎಷ್ಟು ಹೊತ್ತು ಹಿಡಿಯುತ್ತದೆಂದು ಅಂದಾಜು ಮಾಡುವುದು ಹೇಗೆ, ಫೋನಿನತ್ತ ಓಡಿದ ಮನಸ್ಸನ್ನು ಹಿಡಿದು ತರುವುದು ಹೇಗೆ, ಇವು ಪಾಠ. ಈ ಕೆಲಸಗಳ ಉಸ್ತುವಾರಿ ಹೆಚ್ಚಾಗಿ ಹಣೆಯ ಹಿಂದಿರುವ ಮೆದುಳಿನ ಭಾಗದ್ದು, ಅದು 25ರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ ಎಂದು ಮೇಡಂ ವಿವರಿಸಿದರು. ಅದೊಂದನ್ನು ಅವರು ಹೇಳಬಾರದಿತ್ತು. “ನೋಡಿದ್ರಾ ಮಾವ, ನಂಗಿನ್ನೂ ನಾಲ್ಕು ವರ್ಷ ಟೈಮಿದೆ” ಎಂದ.

ಮೇಡಂ ಹೇಳಿದ್ದರಲ್ಲಿ ತಪ್ಪೇನಿಲ್ಲ. ಎಡಿಎಚ್‌ಡಿ ಇರುವ ಮಕ್ಕಳಿಗೆ ಇಂಥ ಆಸರೆ ನಿಜಕ್ಕೂ ಬೇಕು, ಅದು ನಗುವ ಮಾತಲ್ಲ. ನಮ್ಮವನ ಕಾಯಿಲೆ ಬೇರೆ. ಮದ್ದು ಕೊಟ್ಟರೆ ಕುಡಿಯದೆ ಬಾಟಲಿಗೆ ಲೇಬಲ್ ಅಂಟಿಸುತ್ತಾ ಕೂರುತ್ತಾನೆ. 25 ನಿಮಿಷ ಓದು, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಉಪಾಯ ಹೇಳಿಕೊಟ್ಟರು. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ಎದುರಿಟ್ಟುಕೊಂಡು ಓದಿ ಕಂಡುಕೊಂಡದ್ದು. ಸರಿ, ಪ್ಲಾನಪ್ಪನಿಗೂ ಅಂಥದೇ ಟೊಮೆಟೊ ಆಗಬೇಕು. ಆನ್‌ಲೈನಿನಲ್ಲಿ ಹುಡುಕಿದ, ರಿವ್ಯೂಗಳನ್ನೆಲ್ಲ ಓದಿದ, ತರಿಸಿದ, ಟಿಕ್ ಟಿಕ್ ಜಾಸ್ತಿ ಎಂದು ವಾಪಸು ಕಳಿಸಿದ. “ಕುಕ್ಕರ್ ಇಟ್ಟಿದೀನಿ, ಮೂರು ವಿಷಲ್ ಆಗೋವರೆಗೆ ಓದೋ” ಎಂದಳು ಅಕ್ಕ. “ವಿಷಲ್ಲು ಸ್ಟ್ಯಾಂಡರ್ಡ್ ಅಲ್ಲಮ್ಮ” ಎಂದ.

ಅಂದಾಜಿನ ಪಾಠವೂ ಆಯಿತು. 1994ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞರು, ಪ್ರಬಂಧ ಮುಗಿಸಲು ಎಷ್ಟು ದಿನ ಬೇಕೆಂದು ವಿದ್ಯಾರ್ಥಿಗಳನ್ನೇ ಕೇಳಿದ್ದರು. ಸರಾಸರಿ ಸುಮಾರು 34 ದಿನ ಎಂದವರಿಗೆ ಹಿಡಿದದ್ದು 55ಕ್ಕೂ ಹೆಚ್ಚು. ಎಲ್ಲ ಕೆಟ್ಟರೂ 49 ಸಾಕು ಎಂದಿದ್ದರು, ಅದನ್ನೂ ದಾಟಿತು. ಪ್ಲಾನಪ್ಪ ಇದನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡು, ತನ್ನ ಟೈಮ್‌ಟೇಬಲ್ಲಿನ ಪ್ರತಿಯೊಂದನ್ನೂ ಒಂದು ಪಾಯಿಂಟ್ ಆರರಿಂದ ಗುಣಿಸಿದ. ದಿನಕ್ಕೆ 38 ಗಂಟೆ ಬಂತು. ಅದನ್ನು 24ಕ್ಕೆ ಇಳಿಸುವುದರಲ್ಲಿ ಒಂದು ವಾರ ಹೋಯಿತು. ಗುಣಾಕಾರವಂತೂ ಎಲ್ಲೂ ತಪ್ಪಿರಲಿಲ್ಲ!

ಮೇಡಂ ಆಮೇಲೆ ಪಟ್ಟಿಗಳನ್ನೆಲ್ಲ ಕಟ್ಟಿಡಿಸಿದರು. ಎಷ್ಟು ಗಂಟೆಗೆ, ಎಲ್ಲಿ ಕೂತು, ಯಾವ ಪುಟ, ಇಷ್ಟು ಹೇಳಿದರೆ ಸಾಕು. ಜೊತೆಗೆ ಮನೆಯವರು ಯಾರಾದರೂ ಮಾತಾಡದೆ ಪಕ್ಕದಲ್ಲಿ ತಮ್ಮ ಕೆಲಸ ಮಾಡಿಕೊಂಡು ಕೂತಿರಬೇಕು. ‘ಮಾತಾಡದೆ’ ಎಂಬ ಷರತ್ತಿಗೇ ಅಕ್ಕ ಬಿದ್ದುಹೋದಳು. ಭಾವ ಕೂತರು, ಗೊರಕೆ ಶುರುವಾಯಿತು. ಕೊನೆಗೆ ಅಜ್ಜಿ ಹತ್ತಿ ಬುಟ್ಟಿ ತಂದು ಹೂಬತ್ತಿ ಹೊಸೆಯುತ್ತಾ ಕೂತರು. ತಲೆ ಎತ್ತಲಿಲ್ಲ, ಓದು ಎನ್ನಲಿಲ್ಲ, ಅವರ ಪಾಡಿಗೆ ಅವರು. ಇವನು ಎರಡು ಸಲ ಫೋನಿಗೆ ಕೈ ಚಾಚಿ, ಹಿಂದಕ್ಕೆಳೆದುಕೊಂಡು, ಪೆನ್ನು ತೆಗೆದ. ಬತ್ತಿ 108 ಆಗುವಷ್ಟರಲ್ಲಿ ಫೂರಿಯರ್‌ನ ಮೂರು ಲೆಕ್ಕ ಬಿಡಿಸಿಟ್ಟಿದ್ದ. ಮೂರೂ ಸರಿ! ಅಕ್ಕ ಒಳಗೆ ಹೋಗಿ ತುಪ್ಪದ ದೀಪ ಹಚ್ಚಿದಳು.

ನಾಲ್ಕನೆಯದನ್ನು ಎತ್ತಿಕೊಂಡಾನು ಎಂದು ಕಾದೆವು. ಅವನು ಲ್ಯಾಪ್‌ಟಾಪ್ ತೆರೆದು ಅಜ್ಜಿಯ ಹೆಸರಿನಲ್ಲಿ ಎಕ್ಸೆಲ್ ಷೀಟ್ ಮಾಡತೊಡಗಿದ. ಅಜ್ಜಿ ಬಿಡುವಾಗಿರುವ ವೇಳೆ, ಬಿಪಿ ಮಾತ್ರೆ, ಸೀರಿಯಲ್, ಮಧ್ಯಾಹ್ನದ ನಿದ್ದೆ, ಒಂದೊಂದಕ್ಕೂ ಒಂದೊಂದು ಬಣ್ಣ. ಅಜ್ಜಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ನಿದ್ದೆಗೆ ಹಳದಿ ಬೇಡ ಕಣೋ, ಕಣ್ಣಿಗೆ ಕಾಣಲ್ಲ. ಹಸಿರು ಹಾಕು” ಎಂದರು.

ಪ್ಲಾನಪ್ಪ ಹೊಸ ಷೀಟ್ ತೆರೆದ.