ಮುದ್ದೆ-ಪ್ರಮಾಣ: ಚಿಕ್ಕಬಳ್ಳಾಪುರ ಸೀಮೆಯ ಹಾಸ್ಟೆಲ್‌ಗಳಲ್ಲಿ ಪರದೇಶಿ-ನಿರ್ಣಯ

ಹಾಸ್ಟೆಲ್ಲಿನಲ್ಲಿ ಪರದೇಶಿ ಯಾರು ಎಂಬ ಪ್ರಶ್ನೆಯನ್ನು ಪ್ರಾಚೀನರು ಎತ್ತಲಿಲ್ಲ. ಅವರ ಕಾಲದಲ್ಲಿ ಇದ್ದದ್ದು ಗುರುಕುಲ. ಅಲ್ಲಿ ಸೌದೆ ಹೊರುವುದರಲ್ಲಿ ಎಲ್ಲರೂ ಸಮಾನರು. ಆಧುನಿಕರಲ್ಲಿ ಈ ವಿಷಯವಾಗಿ ಮುಖ್ಯವಾಗಿ ಎರಡು ಮತಗಳಿವೆ: ಸರ್ಕಾರದ ಮತ, ಮೆಸ್ಸಿನ ಮತ. ಮೊದಲನೆಯದನ್ನು ಖಂಡಿಸಿ ಎರಡನೆಯದನ್ನು ಸ್ಥಾಪಿಸುವುದೇ ಈ ಗ್ರಂಥದ ಪ್ರಯೋಜನ. ಇದನ್ನು ಓದುವ ಅಧಿಕಾರ ಒಮ್ಮೆಯಾದರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವನಿಗೆ ಮಾತ್ರ. ವಿಷಯ, ಪರದೇಶಿತನ. ಸಂಬಂಧ, ಮುದ್ದೆಗೂ ಸಾರಿಗೂ ಇರುವಂಥದ್ದು.

ಕ್ಷೇತ್ರನಿರ್ದೇಶ. 2007ರಲ್ಲಿ ಕೋಲಾರದಿಂದ ಬೇರೆ ಸಂಸಾರ ಹೂಡಿದ ಚಿಕ್ಕಬಳ್ಳಾಪುರ ಜಿಲ್ಲೆ ಇದರ ಕ್ಷೇತ್ರ. ಚಿಕ್ಕಬಳ್ಳಾಪುರದಲ್ಲಿ ಎಂಜಿನಿಯರಿಂಗ್ ಕಾಲೇಜು, ಮುದ್ದೇನಹಳ್ಳಿಯಲ್ಲಿ 2023ರಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದ ವೈದ್ಯಕೀಯ ಕಾಲೇಜು, ಚಿಂತಾಮಣಿಯಲ್ಲಿ ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿಯ ಕಾಲೇಜು. ಎಲ್ಲಿ ಕಾಲೇಜಿದೆಯೋ ಅಲ್ಲಿ ಹಾಸ್ಟೆಲ್ ಇದೆ, ಎಲ್ಲಿ ಹಾಸ್ಟೆಲ್ ಇದೆಯೋ ಅಲ್ಲಿ ಬಕೆಟ್ ಕಳೆದಿದೆ. ಗೌರಿಬಿದನೂರನ್ನು ಉಪಕರಣಗಳ ದೃಷ್ಟಿಯಿಂದ ಸೇರಿಸಿಕೊಂಡಿದ್ದೇವೆ. ಅಲ್ಲಿ 1965ರಲ್ಲಿ ಸ್ಥಾಪಿಸಿದ ಭೂಕಂಪ ಮಾಪಕ ವ್ಯೂಹವು ಭೂಮಿಯ ಆಚೆ ಮಗ್ಗುಲಿನಲ್ಲಿ ನೆಲದಡಿ ಅಣುಬಾಂಬು ಸಿಡಿಸಿದರೂ ಗುರುತು ಹಿಡಿಯುತ್ತದೆ. ಅದೇ ತಾಲ್ಲೂಕಿನ ರೇಡಿಯೊ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಗಂಗೆಯ ಪಿಸುಮಾತು ಕೇಳಿಸಿಕೊಂಡಿದೆ. ಇಷ್ಟೆಲ್ಲ ಕೇಳಿಸಿಕೊಳ್ಳುವ ಸೀಮೆಯಲ್ಲಿ, ಬಡಿಸುವವರಿಗೆ ಮಾತ್ರ ‘ಸಾಕು ಅಣ್ಣಾ’ ಎಂಬ ಶಬ್ದ ಇಂದಿಗೂ ಕೇಳಿಸಿಲ್ಲ. ಇದರ ಕಾರಣವನ್ನು ಭೌತವಿಜ್ಞಾನಿಗಳಿಗೆ ಬಿಡುತ್ತೇವೆ.

ಪೂರ್ವಪಕ್ಷ

ಸರ್ಕಾರ ಹೀಗೆನ್ನುತ್ತದೆ: ಯಾರ ಪಾಸ್‌ಪೋರ್ಟ್ ಬೇರೆಯೋ ಅವನೇ ವಿದೇಶಿ ವಿದ್ಯಾರ್ಥಿ. ಅವನು ಹಾಸ್ಟೆಲ್ಲಿಗೆ ಕಾಲಿಟ್ಟ 24 ಗಂಟೆಯೊಳಗೆ ವಾರ್ಡನ್, 2025ರವರೆಗೆ ‘ಸಿ’ ಎನಿಸಿಕೊಂಡಿದ್ದ ಫಾರ್ಮ್ ತುಂಬಬೇಕು. 180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದರೆ 14 ದಿನದೊಳಗೆ ಅವನು ವಿದೇಶಿಯರ ನೋಂದಣಿ ಮಾಡಿಸಬೇಕು. ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಯೇ ನೋಂದಣಾಧಿಕಾರಿ. ಹೀಗಾಗಿ ಊರಿನ ಹುಡುಗರು ಎಸ್‌ಪಿ ಕಚೇರಿಯನ್ನು ದೂರದಿಂದ ನೋಡಿ ಬೇರೆ ದಾರಿ ಹಿಡಿದರೆ, ಟಾಂಜಾನಿಯದ ಹುಡುಗ ಮೊದಲ ವಾರವೇ ಫೋಟೊ ಹಿಡಿದು ಅಲ್ಲಿಗೆ ವಿಚಾರಿಸಲು ಹೋಗುತ್ತಾನೆ. ಅವನ ಧೈರ್ಯ ಕಂಡು ರೂಮಿನವರಿಗೆ ಅವನ ಮೇಲೆ ಮೂಡುವ ಗೌರವ ಪರೀಕ್ಷೆಯ ಫಲಿತಾಂಶ ಬರುವವರೆಗೂ ಕುಂದುವುದಿಲ್ಲ.

ಫಾರ್ಮಿನಲ್ಲಿ ‘ಎಲ್ಲಿಂದ ಬಂದರು’, ‘ಇಲ್ಲಿಂದ ಎಲ್ಲಿಗೆ ಹೋಗುವರು’ ಎಂಬ ಕಾಲಂಗಳಿವೆ. ಎರಡನೆಯದು ವೇದಾಂತದ ಪ್ರಶ್ನೆ. ವಾರ್ಡನ್ನರು ಅದರ ಮುಂದೆ ಬಹಳ ಹೊತ್ತು ಕೂತು, ಕೊನೆಗೆ ಮೂರನೇ ಮಹಡಿ ಎಂದು ಬರೆಯುವುದುಂಟು.

ಖಂಡನೆ. ತಾರ್ಕಿಕರ ಪ್ರಕಾರ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿವೆ. ಪಾಸ್‌ಪೋರ್ಟೆಂಬ ಲಕ್ಷಣದಲ್ಲಿ ಮೊದಲೆರಡೂ ಇವೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ 2021-22ರಲ್ಲಿ ದೇಶದಲ್ಲಿ 46,878 ವಿದೇಶಿ ವಿದ್ಯಾರ್ಥಿಗಳಿದ್ದರು. ಅವರಲ್ಲಿ ನೂರಕ್ಕೆ ಸುಮಾರು 28 ಮಂದಿ ನೇಪಾಳದವರು. ನೇಪಾಳದವರಿಗೆ ನಮ್ಮಲ್ಲಿ ವೀಸಾವೇ ಬೇಡ. ಕಾಲು ಭಾಗಕ್ಕೂ ಮೀರಿದ ವಿದೇಶಿಗಳು ವಿದೇಶಿಯ ಕಟ್ಟಲೆಗಳ ಹೊರಗೇ ಆರಾಮಾಗಿ ಓಡಾಡಿಕೊಂಡಿರುವಾಗ, ಕಟ್ಟಲೆ ಯಾವ ಮುಖ ಹೊತ್ತು ನಿಲ್ಲಬೇಕು? ಅತ್ತ, ಭಾರತದ ಪಾಸ್‌ಪೋರ್ಟೇ ಇಟ್ಟುಕೊಂಡ ಬೆಂಗಳೂರಿನ ಇಂದಿರಾನಗರದ ಹುಡುಗ ಶಿಡ್ಲಘಟ್ಟದ ಮೆಸ್ಸಿನಲ್ಲಿ ನಿಂತ ಭಂಗಿ ನೋಡಿದರೆ ಯಾವ ದೂತಾವಾಸವೂ ಅವನನ್ನು ತನ್ನವನೆಂದು ಒಪ್ಪದು. ಆದ್ದರಿಂದ ಬೇರೆ ಪ್ರಮಾಣ ಬೇಕು.

ಸಿದ್ಧಾಂತ

ಸೂತ್ರ: ಅಗಿದವನು ಪರದೇಶಿ, ನುಂಗಿದವನು ಸ್ವದೇಶಿ.

ವ್ಯಾಖ್ಯಾನ: ಕುದಿಯುವ ಎಸರಿಗೆ ರಾಗಿ ಹಿಟ್ಟು ಸುರಿದು, ಮುದ್ದೆ ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಒದ್ದೆ ಕೈಯಲ್ಲಿ ಕಟ್ಟಿದ್ದು ಮುದ್ದೆ. ಅದನ್ನು ಬೆರಳಲ್ಲಿ ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗಿಸದೆ ಗಂಟಲಿಗೆ ಇಳಿಸಬೇಕು. ಇಳಿದರೆ ಪೌರತ್ವ ಸಿದ್ಧಿಸಿತು. ಅಂಗುಳಕ್ಕೆ ಅಂಟಿದರೆ ಮೇಲ್ಮನವಿಗೆ ಅವಕಾಶವಿದೆ; ನೀರು ಕುಡಿದು ಮತ್ತೆ ಪ್ರಯತ್ನಿಸಬಹುದು.

ಈಗ ಪ್ರತ್ಯಕ್ಷ ಪ್ರಮಾಣ. ನೇಪಾಳದ ಹುಡುಗ ಮೊದಲ ರಾತ್ರಿಯೇ ಎರಡು ಮುದ್ದೆ ಇಳಿಸಿ ಮೂರನೆಯದಕ್ಕೆ ತಟ್ಟೆ ಒಡ್ಡುತ್ತಾನೆ. ಅಡುಗೆಯವರು ಬೆರಗಾಗಬಹುದು, ಶಾಸ್ತ್ರಜ್ಞರು ಆಗಬಾರದು. ಅವನ ಬೆಟ್ಟದ ಊರಿನಲ್ಲಿ ರಾಗಿಯ ಹೆಸರು ಕೋದೊ, ಅದರ ಮುದ್ದೆಯ ಹೆಸರು ಢಿಂಡೊ. ಅದನ್ನೂ ಸಾರಿನಲ್ಲಿ ಅದ್ದಿ ಅಗಿಯದೆ ನುಂಗುವುದೇ ಅಲ್ಲಿಯ ಸಂಪ್ರದಾಯ. ನೈಜೀರಿಯದವನು ಗೆಣಸಿನ ಹಿಟ್ಟಿನದೋ ಗೋಧಿಯದೋ ಮುದ್ದೆಗಳನ್ನು ಎಗುಸಿ ಸಾರಿನಲ್ಲಿ ನುಂಗಿ ಬೆಳೆದವನು. ಅವನ ಗಂಟಲು ತಯಾರಾಗಿಯೇ ವಿಮಾನ ಹತ್ತಿದೆ. ಕೀನ್ಯಾದವನದು ಉಗಾಲಿ, ಅಂದರೆ ಮೆಕ್ಕೆಜೋಳದ ಮುದ್ದೆ. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ. ಅವನು ಸ್ವಲ್ಪ ಅಗಿಯುತ್ತಾನೆ. ಆದ್ದರಿಂದ ಅವನನ್ನು ಅರೆಪರದೇಶಿ ಎಂದು ವರ್ಗೀಕರಿಸಿ, ಒಂದು ಸೆಮಿಸ್ಟರಿನ ಗಡುವು ಕೊಡಲಾಗಿದೆ. ಭೂತಾನದವನಿಗೆ ಮುದ್ದೆ ಹೊಸದು, ಆದರೆ ಮೆಣಸಿನಕಾಯಿಯನ್ನೇ ತರಕಾರಿಯಾಗಿ ಬೇಯಿಸಿ ತಿನ್ನುವ ದೇಶದವನು ಖಾರಕ್ಕೆ ಕಣ್ಣು ಮಿಟುಕಿಸುವುದಿಲ್ಲ. ಮೆಸ್ಸಿನ ಹುಳಿಸಾರನ್ನು ಕುಡಿದು, ಖಾರದಪುಡಿ ತೀರಿಹೋಗಿದೆಯೇ ಎಂದು ವಿನಯದಿಂದ ಕೇಳಿದ್ದು ಅವನೊಬ್ಬನೇ.

ಇನ್ನು ನಿಜವಾದ ಪರದೇಶಿಗಳನ್ನು ನೋಡೋಣ. ಬೆಳಗಾವಿಯವನು ಮುದ್ದೆಯನ್ನು ರೊಟ್ಟಿಯ ಹಾಗೆ ಹರಿಯಲು ಅಂಚು ಹುಡುಕುತ್ತಾನೆ. ಉಂಡೆಗೆ ಅಂಚಿಲ್ಲ ಎಂಬ ಸತ್ಯ ಹೊಳೆದಾಗ ಶೇಂಗಾ ಚಟ್ನಿಯ ಡಬ್ಬಿ ತೆಗೆದು ‘ಇದರ ಮ್ಯಾಲ ಉದುರಿಸ್ಕೊಂಡರ ಏನಾರ ಆಗತೈತೇನೋ’ ಎಂದು ಪ್ರಯೋಗಕ್ಕೆ ಇಳಿಯುತ್ತಾನೆ. ಉಡುಪಿಯವಳು ಮುಟ್ಟಿ ನೋಡಿ, ‘ಇದು ರಾಗಿ ಮಣ್ಣಿ ಅಲ್ವಾ? ಬೆಲ್ಲ ಹಾಕ್ಲಿಕ್ಕೆ ಮರ್ತದ್ದಾ?’ ಎಂದಳು. ದೆಹಲಿಯವನು ರೋಟಿ ಬರುವವರೆಗೆ ಕಾದ. ನಮಗೆ ತಿಳಿದಮಟ್ಟಿಗೆ ಈಗಲೂ ಕಾಯುತ್ತಿದ್ದಾನೆ. ಇಂದಿರಾನಗರದವನು ಚಮಚ ಕೇಳಿದ. ಇಡೀ ಮೆಸ್ಸು ಒಂದು ಕ್ಷಣ ಸುಮ್ಮನಾಯಿತು. ಅಡುಗೆಯವರು ಮಾತ್ರ ಬೇಸರಿಸಿಕೊಳ್ಳದೆ, ‘ದೇವ್ರು ಐದು ಬೆಳ್ಳು ಕೊಟ್ಟವ್ನಲ್ಲಪ್ಪಾ, ಇನ್ನೂ ಒಂದ್ಯಾಕೆ?’ ಎಂದರು. ಇದನ್ನು ಈ ಶಾಸ್ತ್ರದಲ್ಲಿ ಆಪ್ತವಾಕ್ಯವೆಂದು ಪರಿಗಣಿಸಬೇಕು.

ಶಂಕೆ: ಹಾಗಾದರೆ ರಾಗಿಯ ನಾಡಿನವರ ಮುಂದೆ ಆಫ್ರಿಕದವರಿಗೆ ಇಷ್ಟು ಸುಲಭದ ಪಾಸು ಹೇಗೆ?

ಸಮಾಧಾನ: ರಾಗಿಯೇ ಆಫ್ರಿಕದ್ದು. ಸಸ್ಯಶಾಸ್ತ್ರಜ್ಞರ ಪ್ರಕಾರ ಇಥಿಯೋಪಿಯ ಮತ್ತು ಉಗಾಂಡದ ಎತ್ತರದ ನೆಲದಲ್ಲಿ ಮನುಷ್ಯರು ಅದನ್ನು ಪಳಗಿಸಿದರು. ಕೆಲವು ಸಾವಿರ ವರ್ಷಗಳ ಹಿಂದೆ ಅದು ಸಮುದ್ರ ದಾಟಿ ಇತ್ತ ಬಂತು. ಬಂದ 24 ಗಂಟೆಯೊಳಗೆ ಸಿ ಫಾರ್ಮ್ ತುಂಬಿದ ದಾಖಲೆ ಇಲ್ಲ. ನೋಂದಣಿಯಿಲ್ಲ, ವಿಸ್ತರಣೆಯಿಲ್ಲ, ಬೋನಫೈಡ್ ಪ್ರಮಾಣಪತ್ರವಿಲ್ಲ. ಮಳೆ ಕೈಕೊಟ್ಟರೂ ಬದುಕಿಕೊಂಡು, ಕೆಂಪು ನೆಲವನ್ನು ತನ್ನದೇ ಮಾಡಿಕೊಂಡು, ಈಗ ಬೆಳಗಾವಿಯವನನ್ನು ನೋಡಿ ‘ನೀನ್ಯಾರು?’ ಎನ್ನುತ್ತಿದೆ.

ಇಷ್ಟಾದ ಮೇಲೆ ಈ ಪ್ರಬಂಧಕಾರ ತಟ್ಟೆಯ ಉಳಿದ ಸದಸ್ಯರ ಕಾಗದಪತ್ರಗಳನ್ನೂ ತಪಾಸಣೆಗೆ ಒಳಪಡಿಸಿದ. ಟೊಮೆಟೊ, ಚಿಂತಾಮಣಿಯ ಮಂಡಿಯಲ್ಲಿ ಕ್ರೇಟುಗಟ್ಟಲೆ ರಾಜಗಾಂಭೀರ್ಯದಿಂದ ಕೂರುವುದು, ಅಮೆರಿಕ ಖಂಡದ್ದು. ಆಲೂಗಡ್ಡೆ, ಮೆಣಸಿನಕಾಯಿ, ಚಟ್ನಿಯ ಕಡಲೆಕಾಯಿ, ಮೂರೂ ಅಲ್ಲಿಯವೇ. ಚಳಿಗಾಲದಲ್ಲಿ ಇಡೀ ಜಿಲ್ಲೆಯ ಮನೆಮನೆಯಲ್ಲೂ ಘಮಘಮಿಸುವ ಅವರೆಯ ಮೂಲವೂ ಆಫ್ರಿಕವೆಂದೇ ಬಹುಮತ. ಈ ಮಾತನ್ನು ಸೊಗಡವರೆ ಮಾರುವವರ ಎದುರು ಹೇಳುವ ಧೈರ್ಯ ಪ್ರಬಂಧಕಾರನಿಗಿಲ್ಲ. ಪರಿಶೀಲನೆಯಲ್ಲಿ ಪಾರಾದವು ಹುರುಳಿ, ತೊಗರಿ, ಬದನೆಕಾಯಿ. ಇವು ಈ ನೆಲದವೇ. ತಮಾಷೆಯೆಂದರೆ, ಬದನೆಕಾಯಿ ಸಾರು ಎಂದು ತಿಳಿದ ಕೂಡಲೇ ಊಟ ಬಿಟ್ಟು ಬೀದಿಯ ಗೋಬಿ ಗಾಡಿಗೆ ಓಡುವವರಲ್ಲಿ ಊರಿನ ಹುಡುಗರೇ ಮುಂದು.

ಶಬ್ದ ಪ್ರಮಾಣ

ಭಾಷೆಯಿಂದ ಪರದೇಶಿಯನ್ನು ಗುರುತಿಸಬಹುದಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಅವರು ಚಿಂತಾಮಣಿಯ ಬಸ್ ನಿಲ್ದಾಣ ನೋಡಿಲ್ಲ. ಎಂಜಿನಿಯರಿಂಗ್ ಓದುವ ಕನ್ನಡೇತರರಿಗೆ ‘ಬಳಕೆ ಕನ್ನಡ’ ಎಂಬ ಪಠ್ಯವಿದೆ. ಅದನ್ನು ಶ್ರದ್ಧೆಯಿಂದ ಓದಿ ಪಾಸಾದ ವಿದೇಶಿ ವಿದ್ಯಾರ್ಥಿ, ನಿಲ್ದಾಣದಲ್ಲಿ ನಿಂತು, ವ್ಯಾಕರಣದ ಒಂದು ಎಳೆ ತಪ್ಪದಂತೆ, ‘ಶಿಡ್ಲಘಟ್ಟಕ್ಕೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ?’ ಎಂದು ಕೇಳುತ್ತಾನೆ. ಕಟ್ಟೆಯ ಮೇಲಿನ ಇಬ್ಬರು ಹಿರಿಯರು ಈ ಪ್ರಶ್ನೆಯನ್ನು ತೆಲುಗಿನಲ್ಲಿ ಚರ್ಚೆಗೆ ಎತ್ತಿಕೊಳ್ಳುತ್ತಾರೆ. ರೇಷ್ಮೆ ಗೂಡಿನ ವ್ಯಾಪಾರಿ ದಖ್ಖನಿ ಉರ್ದುವಿನಲ್ಲಿ ದಿಕ್ಕು ತೋರಿಸುತ್ತಾನೆ. ಕಂಡಕ್ಟರು ‘ಫಿಫ್ಟೀನ್ ಮಿನಿಟ್ಸ್, ವೆಯ್ಟ್’ ಎನ್ನುತ್ತಾರೆ. ಕನ್ನಡ ಉತ್ತರ ಪತ್ರಿಕೆಯಲ್ಲಿ ಮಾತ್ರ ಬಳಕೆಯಲ್ಲಿರುವ ಭಾಷೆ ಎಂದು ವಿದ್ಯಾರ್ಥಿ ತೀರ್ಮಾನಿಸುತ್ತಾನೆ. ಆ ಮಾತು ತಪ್ಪು; ಆದರೆ ಅವನೊಡನೆ ನಿಂತಿದ್ದ ಮಂಡ್ಯದವನಿಗೂ ಬಸ್ಸು ಎಲ್ಲಿ ನಿಲ್ಲುತ್ತದೆಂದು ಗೊತ್ತಾಗಲಿಲ್ಲ. ಶಬ್ದ ಪ್ರಮಾಣ ಬಿತ್ತು.

ಶಿಡ್ಲಘಟ್ಟದ ಚಾಕಿವಾದ

ಮುದ್ದೆ-ಪ್ರಮಾಣಕ್ಕೆ ಪ್ರಬಲ ವಿರೋಧ ಬಂದಿರುವುದು ಶಿಡ್ಲಘಟ್ಟದಿಂದ. ಅಲ್ಲಿಯ ರೇಷ್ಮೆ ಬೆಳೆಗಾರರ ಪ್ರಕಾರ ನೆಲೆ ಮುಖ್ಯವಲ್ಲ, ಹಂತ ಮುಖ್ಯ. ರೇಷ್ಮೆ ಹುಳು ಚೀನಾದ ಸಂತಾನ. ಮೈಸೂರು ಸೀಮೆಗೆ ಟಿಪ್ಪುವಿನ ಕಾಲದಲ್ಲಿ ಬಂದು ನೆಲೆಸಿದ್ದು. ಅದು ಮೊದಲು ಚಾಕಿಮನೆಯಲ್ಲಿ ಹೆಚ್ಚಿದ ಎಳೆಸೊಪ್ಪು ತಿನ್ನುತ್ತದೆ. ಹಾಸ್ಟೆಲ್ಲಿನ ಹೊಸಬನೂ ಹಾಗೆಯೇ: ಮನೆಯಿಂದ ತಂದ ಡಬ್ಬಿಯನ್ನು ಸಣ್ಣಸಣ್ಣದಾಗಿ ಮುಗಿಸುತ್ತ, ಅಮ್ಮನಿಗೆ ಫೋನು ಮಾಡುತ್ತ ಇರುತ್ತಾನೆ. ಆಮೇಲೆ ಹುಳು ಜ್ವರಕ್ಕೆ ಕೂರುತ್ತದೆ, ಅಂದರೆ ಮೇವು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿ ಕೂತು ಪೊರೆ ಕಳಚುತ್ತದೆ. ಜ್ವರಗಳು ನಾಲ್ಕು. ಇಂಟರ್ನಲ್ ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್ಲಿನ ಮೊಗಸಾಲೆಯಲ್ಲಿ ಓಡಾಡಿದವರು ಈ ಲಕ್ಷಣಗಳನ್ನು ಒಪ್ಪದೇ ಇರಲಾರರು. ನಾಲ್ಕನೇ ಜ್ವರ ಎದ್ದ ಹುಳು ಸುರಿದಷ್ಟೂ ಸೊಪ್ಪು ಮುಗಿಸುತ್ತದೆ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಆ ಕೊನೆಯ ಹಂತದ್ದೇ. ಕೊನೆಯ ವರ್ಷದವರ ಮೆಸ್ ಬಿಲ್ಲೂ ಇದನ್ನೇ ಹೇಳುತ್ತದೆ. ಆ ಹೊತ್ತಿಗೆ ಹುಳ ಚೀನಾದ್ದೋ ಜಪಾನಿನದೋ ಮೈಸೂರು ತಳಿಯೋ ಎಂದು ಯಾರೂ ಕೇಳುವುದಿಲ್ಲ. ಹಣ್ಣಾಯಿತೇ, ಗೂಡು ಕಟ್ಟುವ ಚಂದ್ರಿಕೆಗೆ ಬಿಡೋಣವೇ ಎಂದಷ್ಟೇ ಕೇಳುತ್ತಾರೆ.

ಈ ವಾದ ಕೇಳಲು ಸೊಗಸಾಗಿದೆ. ದೋಷವಿರುವುದು ಉಪಸಂಹಾರದಲ್ಲಿ. ಗೂಡು ಕಟ್ಟಿ, ಮಾರುಕಟ್ಟೆಯ ಜಾಲರಿಯಲ್ಲಿ ಹರಾಜಿಗೆ ನಿಂತು, ಒಳ್ಳೆಯ ದರಕ್ಕೆ ಹೋದ ಮೇಲೆ ಹುಳುವಿನ ಗತಿ ಏನೆಂದು ಚಾಕಿವಾದಿಗಳು ವಿವರಿಸುವುದಿಲ್ಲ. ನೂಲು ತೆಗೆಯುವ ಫಿಲೇಚರಿನವರನ್ನು ಕೇಳಿದರೆ ಕುದಿನೀರಿನ ಬಾಣಲೆಯನ್ನು ತೋರಿಸುತ್ತಾರೆ. ಕ್ಯಾಂಪಸ್ ಪ್ಲೇಸ್‌ಮೆಂಟಿನ ಬಗ್ಗೆ ಇಷ್ಟು ನಿಖರವಾಗಿ ಮಾತನಾಡುವುದು ಹಾಸ್ಟೆಲ್ ಗ್ರಂಥಕ್ಕೆ ಶೋಭೆಯಲ್ಲ.

ಗೌರಿಬಿದನೂರಿನ ಮತ

ಇದು ಚಿಕ್ಕದು, ಆದರೆ ಖಂಡಿಸಲು ಕಷ್ಟ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಮುಂದೆ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಯಾಗಿ 1960ರಲ್ಲಿ ಡಾಕ್ಟರೇಟ್ ಪಡೆದರು. ವಾಪಸು ಬಂದು ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯನ್ನು ಮಾತ್ರ 2005ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಈ ಪ್ರಮಾಣದಿಂದ ಗೌರಿಬಿದನೂರಿನವರು ಸಾಧಿಸುವುದೇನೆಂದರೆ: ಹಾಸ್ಟೆಲ್ ಎಂಬುದೇ ಒಂದು ದೇಶ, ಅದರ ಪೌರತ್ವ ಹುಟ್ಟಿನಿಂದಲ್ಲ, ನುಂಗುವುದರಿಂದಲೂ ಅಲ್ಲ, ಬಿಡದೆ ಇರುವುದರಿಂದ ಬರುತ್ತದೆ. ಅವರ ಆತ್ಮಕಥೆಯ ಹೆಸರು ‘ಹೋರಾಟದ ಹಾದಿ’. ಹಾಸ್ಟೆಲ್ ಊಟದಲ್ಲಿ ದಶಕಗಳನ್ನು ಕಳೆದವರಿಗೆ ಆ ಹೆಸರು ಅತಿಶಯೋಕ್ತಿಯಲ್ಲ. ಈ ಮತವನ್ನು ಪೂರಕ ಸಿದ್ಧಾಂತವಾಗಿ ಅಂಗೀಕರಿಸಿದ್ದೇವೆ.

ಜಲಪ್ರಕರಣ

ಹಾಸ್ಟೆಲ್ಲಿನಲ್ಲಿ ಬೆಳಿಗ್ಗೆ ಆರು ಗಂಟೆಗೆ ದೇಶ, ಭಾಷೆ, ಜಾತಿ ಯಾವುದೂ ಇರುವುದಿಲ್ಲ. ನೀರು ಇದೆಯೋ ಇಲ್ಲವೋ ಎಂಬುದೊಂದೇ ಇರುತ್ತದೆ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆ ಬಾವಿಗಳು ಪಾತಾಳದ ವಿಳಾಸ ಕೇಳುತ್ತ ಕೆಳಗಿಳಿದಿವೆ, ಬಂದ ನೀರಿನಲ್ಲಿ ಹಲವು ಕಡೆ ಫ್ಲೋರೈಡು. ಈಚೆಗೆ ಬೆಂಗಳೂರಿನ ಬಚ್ಚಲ ನೀರನ್ನು ಸಂಸ್ಕರಿಸಿ ಇಲ್ಲಿಯ ಕೆರೆಗಳಿಗೆ ಬಿಡುತ್ತಿದ್ದಾರೆ. ಯೋಜನೆಯ ಹೆಸರು ಎಚ್.ಎನ್. ವ್ಯಾಲಿ. (ಇದು ಹೆಬ್ಬಾಳ-ನಾಗವಾರ, ಮೇಲೆ ಹೇಳಿದ ಎಚ್.ಎನ್. ಅಲ್ಲ. ಅವರಾಗಿದ್ದರೆ ಮೊದಲು ನೀರನ್ನು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು.) ಹೀಗೆ ಇಂದಿರಾನಗರದವನು ಬಿಟ್ಟು ಬಂದ ಬೆಂಗಳೂರಿನ ನೀರೂ ಅವನ ಹಿಂದೆಯೇ ಬಂದಿದೆ. ಹಾಸ್ಟೆಲ್ಲಿಗೆ ಮಾತ್ರ ಟ್ಯಾಂಕರೇ ಗತಿ. ಟ್ಯಾಂಕರ್ ಹಾರನ್ನು ಕೇಳಿದೊಡನೆ ಎರಡು ಬಕೆಟ್ ಹಿಡಿದು ಮೆಟ್ಟಿಲಿಳಿಯುವ ವೇಗದಲ್ಲಿ ಕಠ್ಮಂಡುವಿನವನೇ ಎಲ್ಲರಿಗಿಂತ ಮುಂದು. ಅವನ ಊರಿನಲ್ಲೂ ಟ್ಯಾಂಕರೇ.

ನೀರೆಲ್ಲ ಎಲ್ಲಿ ಹೋಯಿತು ಎಂದು ವಿಚಾರಿಸುವಾಗ ಒಬ್ಬ ವಿದೇಶಿಯ ಹೆಸರು ಪದೇಪದೇ ಬರುತ್ತದೆ. ಅವನು ನೀಲಗಿರಿ ಮರ, ಊರು ಆಸ್ಟ್ರೇಲಿಯ. ಸುಮಾರು 1790ರಲ್ಲಿ ಟಿಪ್ಪು ನಂದಿ ಬೆಟ್ಟದ ತನ್ನ ತೋಟದಲ್ಲಿ ನೆಡಿಸಿದ್ದೇ ಭಾರತದ ಮೊದಲ ನೀಲಗಿರಿ ಎಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಅಂದರೆ ಈ ಜಿಲ್ಲೆಗೆ ಪ್ರವೇಶ ಪಡೆದ ಅತಿ ಹಳೆಯ ವಿದೇಶಿ ವಿದ್ಯಾರ್ಥಿಗಳಲ್ಲಿ ಅವನೂ ಒಬ್ಬ, ಅದೂ ರಾಜಮರ್ಯಾದೆಯೊಡನೆ. ಬಂದವನು ಆಮೇಲೆ ಬಳಗವನ್ನೆಲ್ಲ ಕರೆಸಿಕೊಂಡ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲೂ ಸಾಲಾಗಿ ನಿಂತ. ನಮ್ಮ ಸೂತ್ರವನ್ನು ಅನ್ವಯಿಸಿದರೆ ಅವನು ಪಕ್ಕಾ ಸ್ವದೇಶಿ. ಅಗಿಯುವುದೇ ಇಲ್ಲ, ಇರುವುದೆಲ್ಲವನ್ನೂ ನುಂಗುತ್ತಾನೆ. ಗೌರಿಬಿದನೂರಿನ ಮತದಂತೆಯೂ ಅವನಿಗೆ ಪೌರತ್ವ ಸಲ್ಲಬೇಕು. ಎರಡು ಸಿದ್ಧಾಂತಗಳೂ ಒಟ್ಟಿಗೆ ಎಡವಿದ ಸ್ಥಳ ಇದೊಂದೇ. ಮುಂದಿನ ಸಂಶೋಧಕರು ಇಲ್ಲಿಂದ ಶುರು ಮಾಡಬಹುದು.

ಸರ್ಕಾರ ಸಿದ್ಧಾಂತಕ್ಕೆ ಕಾಯಲಿಲ್ಲ. 2017ರಲ್ಲಿ ನೀಲಗಿರಿಯ ಹೊಸ ಅಡ್ಮಿಷನ್ ನಿಲ್ಲಿಸಿತು. ಹಳಬರು ಮಾತ್ರ ಇನ್ನೂ ರೂಮು ಖಾಲಿ ಮಾಡಿಲ್ಲ. ಕಡಿದರೂ ಬುಡದಿಂದ ಮತ್ತೆ ಚಿಗುರಿಕೊಳ್ಳುತ್ತಾರೆ, ಸಪ್ಲಿಮೆಂಟರಿ ಕಟ್ಟಿದ್ದೇವೆ ಸಾರ್ ಎನ್ನುತ್ತಾರೆ.