ಸಾಲಗಾರರ ಲಾಯರ್ರು

ಕನ್ನಡದಲ್ಲಿ ಸಾಲ ಕೊಟ್ಟವನೂ ಸಾಲಗಾರ, ತಗೊಂಡವನೂ ಸಾಲಗಾರ. "ಬೆಳಗಾದರೆ ಸಾಲಗಾರರ ಕಾಟ" ಅಂದರೆ ಕೊಟ್ಟವರು ಬಂದು ಬಾಗಿಲು ಬಡಿಯುತ್ತಿದ್ದಾರೆಂದು. "ಅವನು ಭಾರೀ ಸಾಲಗಾರ" ಅಂದರೆ ಎಷ್ಟು ಬಡಿದರೂ ಬಾಗಿಲು ತೆಗೆಯದವನೆಂದು. ಭಾಷೆಯ ಈ ಸಡಿಲದೊಳಗೇ ಮನೆ ಕಟ್ಟಿಸಿ, ಮೇಲೊಂದು ಮಹಡಿಯನ್ನೂ ಏರಿಸಿದವರು ನಮ್ಮ ಪಾಪರ್ ಲಾಯರ್ರು.

ದಾವಣಗೆರೆಯಲ್ಲಿ ಕೋರ್ಟಿನ ಆಸುಪಾಸು ನನ್ನದೊಂದು ಜೆರಾಕ್ಸ್ ಅಂಗಡಿ, ಅದರ ಮೇಲೆ ಅವರ ಆಫೀಸು. ಬೋರ್ಡಿನಲ್ಲಿ ಹೆಸರು, ಬಿ.ಎ., ಎಲ್‌ಎಲ್.ಬಿ. ಅಷ್ಟೇ. ನಾನು ಇಂಥದ್ದರಲ್ಲಿ ಗಟ್ಟಿಗ ಎಂದು ವಕೀಲರಾದವರು ಬೋರ್ಡು ಬರೆಸುವಂತಿಲ್ಲ, ಅದು ಬಾರ್ ಕೌನ್ಸಿಲ್ಲಿನ ನಿಯಮ. ಬರೆಸುವ ಅಗತ್ಯವೂ ಇಲ್ಲ. ಮಂಡಿಪೇಟೆಯಲ್ಲಿ ಯಾರನ್ನು ಕೇಳಿದರೂ "ಪಾಪರ್ ಚೀಟಿ ಲಾಯರ್ರಾ? ಜೆರಾಕ್ಸ್ ಅಂಗಡಿ ಮೇಲೆ" ಅನ್ನುತ್ತಾರೆ. ಮೆಟ್ಟಿಲು ಒಂದೇ. ಹತ್ತುವವನು ಯಾವ ಕಡೆಯ ಸಾಲಗಾರನೆಂದು ಕೆಳಗೆ ಕೂತ ನನಗೆ ಕಾಲಸದ್ದಿನಲ್ಲೇ ಗೊತ್ತಾಗುತ್ತದೆ. ಕೊಟ್ಟವನು ಹಗಲು ಹೊತ್ತಿನಲ್ಲಿ, ಪ್ರೊನೋಟು ಮತ್ತು ಬೌನ್ಸಾದ ಚೆಕ್ಕು ತುಂಬಿದ ಪ್ಲಾಸ್ಟಿಕ್ ಕವರನ್ನು ಎದೆಗವಚಿಕೊಂಡು ದಡದಡ ಹತ್ತುತ್ತಾನೆ. ತಗೊಂಡವನು ದೀಪ ಹಚ್ಚುವ ಹೊತ್ತಿಗೆ, ತಲೆ ಮೇಲಿನ ಹೆಲ್ಮೆಟ್ ತೆಗೆಯದೆ, ಬೆಕ್ಕಿನ ಹಾಗೆ. ಒಬ್ಬನಂತೂ ಹೆಲ್ಮೆಟ್ಟಿನಲ್ಲೇ ಒಂದು ಗಂಟೆ ಕೂತು, ಟೀ ಬಂದಾಗ ಅದರ ಗಾಜನ್ನಷ್ಟೇ ಎತ್ತಿ ಕುಡಿದನಂತೆ.

ಒಂದು ಮಾತು ಹೇಳಿಬಿಡುತ್ತೇನೆ. ಒಂದೇ ಕೇಸಿನಲ್ಲಿ ಎರಡೂ ಕಡೆ ನಿಲ್ಲುವ ಜಾತಿಯವರಲ್ಲ ಅವರು. ಒಬ್ಬನಿಗೆ ಸಲಹೆ ಕೊಟ್ಟ ಮೇಲೆ ಅದೇ ಕೇಸಿನ ಎದುರಾಳಿ ಲಕ್ಷ ತಂದಿಟ್ಟರೂ ಮುಟ್ಟುವುದಿಲ್ಲ. ಆದರೆ ಹನ್ನೊಂದು ಗಂಟೆಯ ಕೇಸಿಗೂ ಮೂರು ಗಂಟೆಯ ಕೇಸಿಗೂ ಸಂಬಂಧವಿರಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲವಲ್ಲ.

ದೀಪ ಹಚ್ಚಿದ ಮೇಲಿನ ಗಿರಾಕಿಗೆ ಅವರು ಸಿವಿಲ್ ಪ್ರೊಸೀಜರ್ ಕೋಡಿನ 60ನೇ ಕಲಮನ್ನು ಸಹಸ್ರನಾಮದ ಧಾಟಿಯಲ್ಲಿ ಹೇಳುತ್ತಾರೆ. ಯಾವುದನ್ನೆಲ್ಲ ಜಪ್ತಿ ಮಾಡುವಂತಿಲ್ಲ ಎಂಬ ಪಟ್ಟಿ ಅದು: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಹೆಂಡತಿಯ ತಾಳಿ, ಕಸುಬಿನವನಾದರೆ ಅವನ ಹತಾರು, ರೈತನಾದರೆ ಎತ್ತು, ನೇಗಿಲು, ಬಿತ್ತನೆ ಬೀಜ. ಕೇಳುತ್ತಾ ಕೇಳುತ್ತಾ ಹೆಲ್ಮೆಟ್ಟಿನೊಳಗಿನ ಮುಖಕ್ಕೆ ಕಳೆ ಬರುತ್ತದೆ. ಕೊನೆಗೆ ಪ್ರಸಾದ: "ಸಾಲದ ಡಿಕ್ರಿಗೆ ಹಿಡ್ಕೊಂಡು ಹೋಗಕೆ ಅಮೀನ ಬಂದ್ರೂ, ಹೊತ್ತು ಮುಳುಗಿದ ಮೇಲೆ ಮನೆಯೊಳಗೆ ಕಾಲಿಡಂಗಿಲ್ಲ ಕಣ್ರೀ. ಊಟ ಮಾಡಿ ಮಲಗ್ರಿ."

ಹಗಲಿನ ಗಿರಾಕಿಗೆ ಪಟ್ಟಿ ಬೇರೆ: ಟೀವಿ, ಫ್ರಿಡ್ಜು, ಬೀರು, ಬೈಕು. ನಡುವೆ ಅನುಮಾನದ ವಸ್ತುಗಳು ಬರುತ್ತವೆ, ಲಾಯರ್ರ ಪ್ರತಿಭೆಗೆ ಅದೇ ಅಖಾಡ. ದೋಸೆ ಹೋಟೆಲಿನವನೊಬ್ಬನ ಗ್ರೈಂಡರ್ ಜಪ್ತಿಗೆ ಬಂದಾಗ ಇವರು ಎದ್ದು ನಿಂತು, "ಹಿಟ್ಟು ರುಬ್ಬದೆ ಅಡುಗೆ ಹೇಗಾದೀತು ಸ್ವಾಮಿ? ಇದು ಪಾತ್ರೆಯೇ" ಎಂದು ವಾದಿಸಿದರು. ಮರುವಾರ ಇನ್ನೊಬ್ಬ ಹೋಟೆಲಿನವನ ಮೇಲೆ ಡಿಕ್ರಿ ತಂದವನ ಪರ ನಿಂತು, "ಮೋಟಾರು ಇರುವುದು ಪಾತ್ರೆ ಹೇಗಾದೀತು ಸ್ವಾಮಿ?" ಅಂದರು.

ಜಡ್ಜು ಕನ್ನಡಕದ ಮೇಲಿಂದ ನೋಡಿದರು. "ಹೋದ ವಾರ ಪಾತ್ರೆ ಆಗಿತ್ತಲ್ಲ, ವಕೀಲರೇ?"

"ಅದು ಹೋದ ವಾರದ ಗ್ರೈಂಡರು, ಸ್ವಾಮಿ."

ನನ್ನ ಮಿಷನ್ನು ಅತಿ ಹೆಚ್ಚು ಸಲ ನುಂಗಿ ಉಗುಳಿದ ಕಾಗದವೆಂದರೆ ಜಾಲಿ ಜಾರ್ಜ್ ವರ್ಗೀಸ್ ಮತ್ತು ಬ್ಯಾಂಕ್ ಆಫ್ ಕೊಚ್ಚಿನ್ ನಡುವಿನ ಕೇಸಿನಲ್ಲಿ 1980ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದದ್ದು. ಕೈಯಲ್ಲಿ ಕಾಸಿಲ್ಲದವನನ್ನು, ಇಲ್ಲ ಎಂಬ ಒಂದೇ ಕಾರಣಕ್ಕೆ ಸೆರೆಗೆ ತಳ್ಳಬಾರದು ಎಂಬ ಮಾತು ಅದರಲ್ಲಿದೆ. ಅಲ್ಲಿಗೆ ಕೆಂಪು ಗೆರೆ. ಇದ್ದೂ ಕೊಡದೆ ಮೊಂಡುತನ ಮಾಡುವವನ ಮಾತು ಬೇರೆ ಎಂಬುದೂ ಅದರಲ್ಲೇ ಇದೆ. ಅಲ್ಲಿಗೆ ನೀಲಿ ಗೆರೆ. ಬೆಳಿಗ್ಗೆ ಮೆಟ್ಟಿಲ ಮೇಲಿಂದಲೇ ಕೂಗುತ್ತಾರೆ: "ಯಜಮಾನ್ರೇ, ಇವತ್ತು ಕೆಂಪು ಎರಡು, ನೀಲಿ ಮೂರು!"

ಹೀಗೂ ಕೊಡದವನನ್ನು ಸಿವಿಲ್ ಜೈಲಿಗೆ ಹಾಕಿಸಿಯೇ ತೀರುತ್ತೇನೆಂದು ಹಟ ಹಿಡಿದು ಬರುವ ಸಾಹುಕಾರರಿದ್ದಾರೆ. ಅವರಿಗೆ ಲಾಯರ್ರು ಮೊದಲು ನೀರು ಕೊಟ್ಟು, ಆಮೇಲೆ ವಿಷಯ ಹೇಳುತ್ತಾರೆ. ಒಳಗೆ ಹೋದವನ ಊಟದ ಭತ್ಯೆಯನ್ನು ಸಾಲ ಕೊಟ್ಟವನೇ ಮುಂಗಡವಾಗಿ ಕಟ್ಟಬೇಕು. ಕಟ್ಟುವುದು ನಿಂತರೆ ಬಿಡುಗಡೆ. ಹೆಚ್ಚೆಂದರೆ ಮೂರು ತಿಂಗಳು, ಆಮೇಲೆ ಹೇಗೂ ಬಿಡುಗಡೆ.

"ಅಂದ್ರೆ ಅಸಲೂ ಕೊಡದೆ, ಬಡ್ಡಿನೂ ಕೊಡದೆ ಇರೋನಿಗೆ ನಾನು ಊಟಕ್ಕಿಕ್ಕಬೇಕಾ?" ಅಂದರು ಒಬ್ಬ ಅಕ್ಕಿ ವ್ಯಾಪಾರಿ.

"ಎರಡು ಹೊತ್ತು," ಅಂದರು ಲಾಯರ್ರು.

ಇನ್ನು ಅವರಿಗೆ ಅಡ್ಡಹೆಸರು ತಂದ ಪಾಪರ್ ಚೀಟಿ. ಅದರ ಬೇರಿರುವುದು 1920ರ ಪ್ರಾವಿನ್ಷಿಯಲ್ ಇನ್‌ಸಾಲ್ವೆನ್ಸಿ ಕಾಯ್ದೆಯಲ್ಲಿ. ಅದನ್ನು ಬರೆದವರು ಐನೂರು ರೂಪಾಯಿ ಸಾಲವಿದ್ದರೆ ದಿವಾಳಿ ಅರ್ಜಿಗೆ ಸಾಕು ಎಂದುಕೊಂಡಿದ್ದರು. ಈಗ ಅಷ್ಟು ಸಾಲ ಬೆಣ್ಣೆದೋಸೆ ಹೋಟೆಲಿನಲ್ಲೇ ಆದೀತು. ಕೊಟ್ಟವರ ಕಣ್ಣಿಗೆ ಬೀಳದಂತೆ ಊರು ಬಿಡುವುದು, ಕೈಗೆ ಸಿಗದಂತೆ ಮನೆಯೊಳಗೇ ಅಡಗಿ ಕೂರುವುದು, ಇವೂ ಆ ಕಾಯ್ದೆಯಲ್ಲಿ ದಿವಾಳಿಯ ಲಕ್ಷಣಗಳು. ನೂರು ವರ್ಷದ ಹಿಂದೆ, ಫೋನು ಸ್ವಿಚ್ ಆಫ್ ಮಾಡುವ ಸೌಕರ್ಯ ಇಲ್ಲದ ಕಾಲದಲ್ಲಿ, ನಮ್ಮವರನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡವರಾರೋ!

2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಾಗ ಲಾಯರ್ರು ಹೊಸ ಕೋಟು ಹೊಲಿಸಿದರು. ಅದು ಜಾರಿಯಾದದ್ದು ಕಂಪನಿಗಳಿಗೆ, ಆಮೇಲೆ ಕಂಪನಿಗೆ ಜಾಮೀನು ನಿಂತವರಿಗೆ. ಕಂಪನಿಯನ್ನು ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯ ಮುಂದೆ ಎಳೆಯುವುದಕ್ಕೆ 2020ರಿಂದ ಬಾಕಿ ಕೋಟಿಯಾದರೂ ಇರಬೇಕು. ನಮ್ಮ ದೋಸೆಯವನಿಗೂ ಚೀಟಿ ನಡೆಸಿ ಕೈಯೆತ್ತಿದವನಿಗೂ ಹಳೆಯ ಕಾಯ್ದೆಯೇ ಗತಿ. ಒಮ್ಮೆ ಮಾತ್ರ ಯಾರದೋ ಜೊತೆ ಬೆಂಗಳೂರಿಗೆ ಹೋಗಿಬಂದು, "ಅಲ್ಲಿ ಸಾಲ ಕೊಟ್ಟೋರು ಬಾಕಿಯಾಗೆ ಕಳಕೊಳ್ಳೋ ಭಾಗಕ್ಕೆ ಹೇರ್‌ಕಟ್ ಅಂತಾರ್ರೀ," ಎಂದು ನಕ್ಕರು. "ನಾವು ತಲೆ ಬೋಳಿಸಿದ ಅಂತಿದ್ವಿ. ಕೆಲಸ ಅದೇ. ಅಂಗಡಿಗೆ ಎ.ಸಿ. ಹಾಕ್ಸಿದಾರೆ."

ಅವರ ಕೈಚಳಕದಲ್ಲಿ ನನಗೆ ತೀರಾ ಹಿಡಿಸಿದ್ದು ವಾಯಿದೆಯದು. ಕೈಗಡ ಕೊಟ್ಟು ಮೂರು ವರ್ಷ ಸುಮ್ಮನಿದ್ದರೆ ದಾವೆ ಹಾಕುವ ಹಕ್ಕು ಹೋಯಿತು. ಆದರೆ ಅಷ್ಟರೊಳಗೆ ಸಾಲಗಾರ ಬಾಕಿ ಇದೆ ಎಂದು ಬರೆದು ಸಹಿ ಹಾಕಿದರೆ ಲೆಕ್ಕ ಮತ್ತೆ ಒಂದರಿಂದ ಶುರು. ಅದಕ್ಕೇ, ಎರಡು ಲಕ್ಷ ಕೊಟ್ಟು ವಾಯಿದೆಗೆ ಹತ್ತೇ ದಿನ ಉಳಿದಾಗ ಓಡಿಬಂದವನ ಕೈಲಿ ಇವರು "ನನ್ನ ಮೂರು ಲಕ್ಷ ಕೊಡು" ಎಂದು ರಿಜಿಸ್ಟರ್ಡ್ ಪತ್ರ ಹಾಕಿಸಿದರು. ಆ ಕಡೆಯವನಿಗೆ ರೋಷ ಬಂತು. "ಸುಳ್ಳು ಹೇಳಲು ನಾಚಿಕೆಯಾಗಬೇಕು. ನಾನು ಕೊಡಬೇಕಾದ್ದು ಎರಡೇ ಲಕ್ಷ" ಎಂದು ಮರುಟಪಾಲಿಗೆ ಬರೆದು, ತಾರೀಖು ಹಾಕಿ, ದಪ್ಪಗೆ ಸಹಿ ಮಾಡಿ ಕಳಿಸಿದ. ಲಾಯರ್ರು ಆ ಕಾಗದವನ್ನು ಕಣ್ಣಿಗೊತ್ತಿಕೊಂಡು ನನ್ನ ಕಡೆ ಚಾಚಿದರು: "ನಾಲ್ಕು ಕಾಪಿ." ಸಂಜೆಯ ಗಿರಾಕಿಗಳಿಗೆ ಅವರ ಉಪದೇಶ ಇದರ ಬೆನ್ನುಭಾಗ: "ಏನು ಬಂದ್ರೂ ಬರೀಬೇಡ್ರಿ. ಹಬ್ಬದ ಶುಭಾಶಯನೂ ಬಾಯಲ್ಲೇ ಹೇಳ್ರಿ."

ಅವರ ಫೀಜು ಯಾವ ಕಡೆಯವರಿಂದಲೂ ಮುಂಗಡ, ನಗದು. ಚೆಕ್ಕು ಚಾಚಿದವನನ್ನು ಮಗುವನ್ನು ನೋಡುವ ಹಾಗೆ ನೋಡುತ್ತಾರೆ.

ಇಷ್ಟು ಕಲಿತ ಮೇಲೆ ನಾನೂ ಒಂದು ಕೈ ನೋಡೋಣವೆಂದುಕೊಂಡೆ. ನನ್ನ ಖಾತೆ ಪುಸ್ತಕದಲ್ಲಿ ಲಾಯರ್ರ ಜೆರಾಕ್ಸ್ ಬಾಕಿ 4,360 ರೂಪಾಯಿ ನಿಂತಿತ್ತು, ಕೆಂಪು ನೀಲಿ ಎಲ್ಲ ಸೇರಿ. ಹಳೆಯದು ಮೂರು ವರ್ಷದ ಹತ್ತಿರ ಬಂದಿತ್ತು. 6,360 ಎಂದು ನೀಟಾಗಿ ಬಿಲ್ಲು ಬರೆದು, "ಸರ್, ಲೆಕ್ಕ ಸರಿಯಿಲ್ಲ ಅನ್ಸಿದ್ರೆ ಅದರ ಕೆಳಗೇ ಬರೆದುಕೊಡ್ರಿ, ತಿದ್ದತೀನಿ" ಎಂದು ಕೈಗಿಟ್ಟೆ. ಪೆನ್ನನ್ನೂ ಕೊಟ್ಟೆ.

ಲಾಯರ್ರು ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಪೆನ್ನಿನ ಕ್ಯಾಪು ಹಾಕಿ ನನ್ನ ಜೇಬಿಗೇ ಸಿಕ್ಕಿಸಿದರು. ಬಿಲ್ಲನ್ನು ನಾಲ್ಕು ಮಡಿಕೆ ಮಡಿಸಿ ಕೋಟಿನೊಳಗಿಟ್ಟು, ಎದುರಿನ ಕ್ಯಾಂಟೀನಿನ ಕಡೆ ಎರಡು ಬೆರಳೆತ್ತಿದರು.

"ಎರಡು ಟೀ ಕಳ್ಸೋ. ಯಜಮಾನ್ರ ಲೆಕ್ಕದಾಗೆ ಬರ್ಕ."