ಪುಟ್ಟಿ ಕ್ಯಾಮೆರಾ ಕಲೀಲಿ ಬಿಡಿ, ರಾಯರೇ

ಅಲ್ಲ ರಾಯರೇ, ಒಂದು ನಿಮಿಷ ನಿಂತ್ಕೊಳ್ಳಿ. ಹಾಲಿನ ಪ್ಯಾಕೆಟ್ಟು ಆಮೇಲೆ ಒಳಗಿಟ್ಟರಾಯಿತು. ರಾತ್ರಿ ನಿಮ್ಮನೇಲಿ ನಡೆದ ಮಾತು ನಮ್ಮ ಅಡುಗೆಮನೆ ಕಿಟಕಿಗೆ ಕೇಳಿಸಿತು. ಮಧ್ಯೆ ಇರೋದು ಈ ಮೋಟುಗೋಡೆ ಒಂದೇ ತಾನೆ? ಎಸ್‌ಎಸ್‌ಎಲ್‌ಸಿ ಆದಮೇಲೆ ಸಿನಿಮಾ ಓದ್ತೀನಿ ಅಂತ ನಿಮ್ಮ ಮೊಮ್ಮಗಳು ಪುಟ್ಟಿ ಅಂದಳು. ಪಿಸಿಎಂಬಿ ತೊಗೊಂಡು ಸಿಇಟಿ ಬರೀಲಿ, ಆ ಹುಚ್ಚೆಲ್ಲ ಆಮೇಲೆ ಅಂತ ಅವರಪ್ಪ ಅಂದ. ನೀವು ಮಾತ್ರ, ಬಸವನಗುಡಿ ಮಕ್ಕಳು ಓದೋ ಓದೇ ಅದು ಅಂತ ಕೇಳಿಬಿಟ್ಟಿರಿ. ಆ ಪ್ರಶ್ನೆಗೆ ಉತ್ತರ ಹೇಳದೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಕೆ.ಆರ್. ಸರ್ಕಲ್ ಹತ್ತಿರ ಎಸ್.ಜೆ. ಪಾಲಿಟೆಕ್ನಿಕ್ ಇದೆಯಲ್ಲ, ಅದರ ಮುಂದೆ ನೀವು ಬ್ಯಾಂಕಿಗೆ ಓಡಾಡಿಕೊಂಡೇ ರಿಟೈರ್ ಆದವರು. ವಿಶ್ವೇಶ್ವರಯ್ಯನವರು ಮುತುವರ್ಜಿ ವಹಿಸಿ 1943ರಲ್ಲಿ ಶುರುಮಾಡಿಸಿದ್ದು ಅದು. ಹುಡುಗರು ಕೈಕೆಲಸ ಕಲಿತು ದುಡಿದು ತಿನ್ನಲಿ ಅನ್ನೋದು ಅದರ ಉದ್ದೇಶ. ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಹೇಳಿಕೊಡೋ ಅದೇ ಕಟ್ಟಡದಲ್ಲಿ ಸಿನಿಮಾಟೋಗ್ರಫಿಯನ್ನೂ ಕಲಿಸುತ್ತಿದ್ದರು. ಇಡೀ ದೇಶ ಹೆಸರು ಹೇಳೋ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ ರಾಯರೇ. ಅಷ್ಟು ಹೊತ್ತಿಗೆ ಇಲ್ಲಿ ಕಲಿತ ಹುಡುಗರು ಡಿಪ್ಲೊಮಾ ಹಿಡಿದುಕೊಂಡು ಬೊಂಬಾಯಿ ಸೇರಿ, ಹೆಸರನ್ನೂ ಮಾಡಿಯಾಗಿತ್ತು.

ಯಾರು ಅಂದಿರಾ? ವಿ.ಕೆ. ಮೂರ್ತಿ! ಮೈಸೂರಿನ ಹುಡುಗ, ಪಿಟೀಲು ಬಾರಿಸುತ್ತಿದ್ದವರು, 1943ರಲ್ಲಿ ಸ್ವಾತಂತ್ರ್ಯ ಚಳವಳಿ ಅಂತ ಜೈಲಿಗೂ ಹೋಗಿ ಬಂದವರು. 1946ರಲ್ಲಿ ಇದೇ ಪಾಲಿಟೆಕ್ನಿಕ್‌ನಲ್ಲಿ ಪಾಸಾದರು. ಆಮೇಲೆ ಗುರುದತ್ ಅವರ ಕಣ್ಣೇ ಇವರಾದರು. 1959ರ 'ಕಾಗಜ್ ಕೆ ಫೂಲ್' ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ, ಅದರ ಕ್ಯಾಮೆರಾ ಇವರದು. ಅದರಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಬೆಳಕಿನ ಕೋಲೊಂದು ಇಳಿದು ಬರುತ್ತೆ, ಅದರ ಆಚೆ ಒಬ್ಬರು ಈಚೆ ಒಬ್ಬರು ನಿಂತಿರುತ್ತಾರೆ. ಅದನ್ನು ಯಾವುದೋ ದೊಡ್ಡ ದೀಪ ತರಿಸಿ ಮಾಡಿದ್ದು ಅಂದುಕೊಂಡಿದ್ದೀರಾ? ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಲ್ಲಿ ಹಿಡಿದು, ಇನ್ನೊಂದು ಕನ್ನಡಿಗೆ ಬಡಿಸಿ, ಕತ್ತಲೆಯೊಳಕ್ಕೆ ಇಳಿಸಿದ್ದು. ಎರಡು ಕನ್ನಡಿ, ಒಂದು ಸೂರ್ಯ! ನಾನು ಚಾಮರಾಜಪೇಟೆ ಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿಗೆ ಪತನ ಕೋನ, ಪ್ರತಿಫಲನ ಕೋನ ಅಂತ ಬೋರ್ಡ್ ಮೇಲೆ ಗೆರೆ ಎಳೆದು ಹೇಳಿಕೊಡುತ್ತಿದ್ದೆನಲ್ಲ, ಅದೇ ಪಾಠ ಅದು. ಇನ್ನೊಂದು ವಿಷಯ ನೋಡಿ. ಗಾಳಿ ಸ್ವಚ್ಛವಾಗಿದ್ದರೆ ಆ ಕೋಲು ಕಾಣೋದೇ ಇಲ್ಲ. ಹೊಗೆಯೋ ದೂಳೋ ಇದ್ದರೆ ಮಾತ್ರ ಬೆಳಕು ದಾರಿ ತೋರಿಸುತ್ತೆ. ಇಷ್ಟು ಫಿಸಿಕ್ಸ್ ಇರೋ ವಿದ್ಯೆಯನ್ನು, ಓದು ಹತ್ತದ ಮಕ್ಕಳ ಪಾಡು ಅಂತ ಯಾವ ಬಾಯಲ್ಲಿ ಹೇಳೋದು?

ಕಡೆಗಾಲದಲ್ಲಿ ಮೂರ್ತಿಯವರು ಇದ್ದದ್ದು ಇಲ್ಲೇ ನಮ್ಮ ಶಂಕರಪುರದಲ್ಲಿ. 2014ರಲ್ಲಿ ತೀರಿಕೊಂಡರು. ಅದಕ್ಕೆ ನಾಲ್ಕು ವರ್ಷ ಮುಂಚೆ ಫಾಲ್ಕೆ ಪ್ರಶಸ್ತಿ ಬಂತು. ಬರೀ ಕ್ಯಾಮೆರಾ ಕೆಲಸಕ್ಕೇ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಗಾಂಧಿ ಬಜಾರಿಗೆ ಹೋಗಿ ಬರೋ ದಾರೀಲಿ ಅಂಥವರ ಮನೆ ಇತ್ತು ಅಂತ ನಮ್ಮ ಮಕ್ಕಳಿಗೆ ನಾವ್ಯಾರೂ ಹೇಳಲೇ ಇಲ್ಲ.

ಗೋವಿಂದ ನಿಹಲಾನಿ ಗೊತ್ತಲ್ಲ, 'ಅರ್ಧ ಸತ್ಯ' ತೆಗೆದವರು? ಕರಾಚಿಯಲ್ಲಿ ಹುಟ್ಟಿದ ಹುಡುಗ ಕ್ಯಾಮೆರಾ ಕಲೀಬೇಕು ಅಂತ ಬಂದದ್ದು ಇದೇ ಎಸ್.ಜೆ.ಪಿ.ಗೆ, ಪಾಸಾಗಿದ್ದು 1962ರಲ್ಲಿ. ಆಮೇಲೆ ಮೂರ್ತಿಯವರ ಕೈಕೆಳಗೇ ಪಳಗಿದರು. ಕಾರ್ನಾಡರ 'ಕಾಡು' ನೀವು ನೋಡಿದ್ದೀರಿ. ಅದರ ಆ ಕತ್ತಲೆ ಇವರು ಹಿಡಿದದ್ದು.

ಆ ಕೋರ್ಸು ಈಗ ಅಲ್ಲಿಲ್ಲ. ತೊಂಬತ್ತರ ದಶಕದಲ್ಲಿ ಹೆಸರಘಟ್ಟಕ್ಕೆ ಹೋಯಿತು, ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಅಂತ. ನೃತ್ಯಗ್ರಾಮ ಇರೋ ಕಡೆ. ಕೆರೆ, ಹುಲ್ಲುಗಾವಲು, ಜಾಗ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೂ ನನಗೆ ಹೊಟ್ಟೆ ಉರಿಯುತ್ತೆ ರಾಯರೇ. ಕೆ.ಆರ್. ಸರ್ಕಲ್‌ನಲ್ಲಿದ್ದಾಗ ಬೆಳಗ್ಗೆ ಕಲಿತದ್ದನ್ನು ಮಧ್ಯಾಹ್ನ ಕೆಂಪೇಗೌಡ ರಸ್ತೆ ಕಡೆಗೆ ನಡೆದು ಹೋಗಿ ಪರದೆ ಮೇಲೆ ನೋಡಬಹುದಿತ್ತು. ಸಾಗರ್, ತ್ರಿಭುವನ್, ಕಪಾಲಿ, ಎಷ್ಟು ಟಾಕೀಸು! ಪಕ್ಕದ ಕ್ಲಾಸಿನ ಎಲೆಕ್ಟ್ರಿಕಲ್ ಹುಡುಗನ ಜೊತೆ ಟೀ ಕುಡಿಯುತ್ತಲೇ ದೀಪದ ವೈರಿಂಗ್ ಕಲೀಬಹುದಿತ್ತು. ಊರಿನ ಕಣ್ಣಿಗೆ ಬೀಳುತ್ತಿದ್ದ ವಿದ್ಯೆ ಅದು. ಊರಾಚೆ ಹೋದಮೇಲೆ ಅದು ಇದೆ ಅನ್ನೋದೇ ನಮ್ಮಂಥವರಿಗೆ ಮರೆತುಹೋಯಿತು. ಇಂಗ್ಲೆಂಡಿನಲ್ಲಿ ಹದಿನಾರು ಹದಿನೇಳರ ಮಕ್ಕಳು ಫಿಲ್ಮ್ ಸ್ಟಡೀಸನ್ನು ಎ ಲೆವೆಲ್‌ನಲ್ಲಿ, ಗಣಿತ ಚರಿತ್ರೆ ಥರಾನೇ, ಒಂದು ವಿಷಯವಾಗಿ ತೊಗೋತಾರೆ. ನಾವು ಅದಕ್ಕಿಂತ ಗಟ್ಟಿಯಾದದ್ದನ್ನು ಎಷ್ಟೋ ಹಿಂದೆಯೇ ಶುರುಮಾಡಿ, ಆಮೇಲೆ ಸಿನಿಮಾ ಅಂದರೆ ಹೀರೋ ಆಗೋಕೆ ಓಡಿಹೋಗೋದು ಅಂದುಕೊಂಡು ಕೂತೆವು.

ಪುಟ್ಟಿಗೆ ನಿಜವಾಗಲೂ ಆಸಕ್ತಿ ಇದೆಯಾ ಅಂತ ನಿಮ್ಮ ಅನುಮಾನ. ಕೇಳಿ. ಹೋದ ಅವರೆಕಾಯಿ ಕಾಲದಲ್ಲಿ ನಿಮ್ಮನೇವ್ರು ಹಜಾರದ ಕಿಟಕಿ ಪಕ್ಕ ಕೂತು ಹಿತಕವರೆ ಹಿಸುಕುತ್ತಿದ್ದರು. ಇವಳು ಫೋನನ್ನು ಸ್ಟೂಲಿನ ಮೇಲೆ ಡಬ್ಬಕ್ಕೆ ಒರಗಿಸಿಟ್ಟು, ಟಿವಿ ಬಂದ ಪೆಟ್ಟಿಗೆಯ ಥರ್ಮಾಕೋಲ್ ಹಲಗೆ ಹಿಡಿದುಕೊಂಡು ಅಜ್ಜಿಯ ಇನ್ನೊಂದು ಕಡೆ ನಿಂತಳು. ಕಿಟಕಿಯ ಬಿಸಿಲು ಹಲಗೆಗೆ ಬಡಿದು ವಾಪಸು ಬಂದು, ನೆರಳಿನಲ್ಲಿದ್ದ ಕೆನ್ನೆ, ಮೂಗುಬೊಟ್ಟು ಎರಡೂ ಎದ್ದುಬಂದವು. ಹಲಗೆ ಒಂದು ಗೇಣು ಹಿಂದಕ್ಕೆ ಸರಿಸಿದಳು, ಮುಖದ ಸುಕ್ಕು ಆಳವಾಯಿತು. ಮುಂದಕ್ಕೆ ತಂದಳು, ಸುಕ್ಕು ಕರಗಿತು. ಟೀಚರ್, ಅಜ್ಜಿ ವಯಸ್ಸನ್ನ ನಾನು ಹೆಚ್ಚುಕಡಿಮೆ ಮಾಡಬಲ್ಲೆ ಅಂದಳು! ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕೈ ಕಣ್ಣು ಎರಡೂ ಇಷ್ಟು ಚುರುಕಾಗಿರೋ ವಯಸ್ಸು ಇದು. ಇದನ್ನು ಎರಡು ವರ್ಷ ಕೋಚಿಂಗ್ ಸೆಂಟರಿನ ಟ್ಯೂಬ್‌ಲೈಟ್ ಕೆಳಗೆ ಕೂಡಿಹಾಕಬೇಡಿ.

ಹೆಣ್ಣುಮಗು, ಕ್ಯಾಮೆರಾ ಹೊತ್ತು ಹೇಗೆ ತಿರುಗುತ್ತೆ ಅಂತ ತಾನೆ? ಬಿ.ಆರ್. ಪಂತುಲು, 'ಕಿತ್ತೂರು ಚೆನ್ನಮ್ಮ' ತೆಗೆದ ಪಂತುಲು, ಅವರ ಮಗಳು ವಿಜಯಲಕ್ಷ್ಮಿ. 1985ರಲ್ಲೇ 'ಚಿನ್ನ ವೀಡು' ಅನ್ನೋ ತಮಿಳು ಚಿತ್ರಕ್ಕೆ ಛಾಯಾಗ್ರಾಹಕಿ. ಆಗಿನ ಕ್ಯಾಮೆರಾ ಏನು ಭಾರ! ನಾನೂರು ಅಡಿ ರೀಲು ನಾಲ್ಕೂವರೆ ನಿಮಿಷಕ್ಕೇ ಮುಗಿಯುತ್ತಿತ್ತು. ಹೊಸದನ್ನು ತುಂಬಬೇಕಾದರೆ ಕಪ್ಪು ಚೀಲದೊಳಗೆ ಎರಡೂ ಕೈ ತೂರಿಸಿ, ಕಣ್ಣಿಗೆ ಕಾಣದ ಹಾಗೆ ಬೆರಳಲ್ಲೇ ತಡವಿ ಹಲ್ಲಿಗೆ ಸಿಕ್ಕಿಸಬೇಕಿತ್ತು. ಒಂದಿಷ್ಟು ಬೆಳಕು ನುಗ್ಗಿದರೂ ಇಡೀ ದಿನದ ಕೆಲಸ ಹಾಳು. ಅಷ್ಟೆಲ್ಲ ನಿಭಾಯಿಸಿದವರಿದ್ದಾರೆ.

ಸಂಬಳದ ಮಾತಿಗೆ ನಾನು ಸುಳ್ಳು ಹೇಳೋದಿಲ್ಲ. ಒಂದನೇ ತಾರೀಕು ಬರೋ ದುಡ್ಡಲ್ಲ ಇದು. ಕೆಲಸ ಇದ್ದಾಗ ಹೊತ್ತುಗೊತ್ತಿಲ್ಲ, ಇಲ್ಲದಾಗ ಫೋನೇ ಬರಲ್ಲ. ಆದರೆ ಹಿರಿತೆರೆ ಒಂದನ್ನೇ ನಂಬಿ ಕೂರಬೇಕಾಗಿಲ್ಲ. ಟಿವಿ, ಜಾಹೀರಾತು, ಸಾಕ್ಷ್ಯಚಿತ್ರ, ಡಬ್ಬಿಂಗ್, ಎಡಿಟಿಂಗ್, ಕೈ ಕಲಿತವರನ್ನು ಕೇಳೋರು ಇದ್ದಾರೆ. ಅವರಪ್ಪನಿಗೆ ಭಯ ಇದ್ದರೆ ಪಿಯುಸಿ ಮುಗಿಸಿಯೇ ಹೋಗಲಿ. ಆ ಎರಡು ವರ್ಷ ಭಾನುವಾರ ಬನಶಂಕರಿಯ ಸುಚಿತ್ರಾಗೆ ಕರಕೊಂಡು ಹೋಗಿ. 1971ರಿಂದ ನಡೆದುಬಂದಿರೋ ಫಿಲ್ಮ್ ಸೊಸೈಟಿ, ನಮ್ಮ ಮನೆಯಿಂದ ಆಟೋ ದೂರ.

ಈ ವಾರ ಒಂದು ಕೆಲಸ ಮಾಡಿ. ತ್ರಿವೇಣಿಯವರ ಕಾದಂಬರಿ ಮೇಲೆ ರಾಜೇಂದ್ರಸಿಂಗ್ ಬಾಬು ತೆಗೆದ 'ಹೂವು ಹಣ್ಣು', 1993ರದು. ಅದಕ್ಕೆ ಕ್ಯಾಮೆರಾ ಮೂರ್ತಿಯವರದೇ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ. ಅದನ್ನು ಪುಟ್ಟಿ ಜೊತೆ ಕೂತು ನೋಡಿ. ಮೊದಲು ಸೌಂಡ್ ಪೂರ್ತಿ ಆರಿಸಿ, ಪ್ರತಿ ದೃಶ್ಯದಲ್ಲೂ ಬೆಳಕು ಯಾವ ಕಡೆಯಿಂದ ಬರ್ತಿದೆ ಅಂತ ಅವಳು ಹೇಳಲಿ. ಆಮೇಲೆ ಪರದೆಗೆ ಬೆನ್ನು ಹಾಕಿ ಬರೀ ಕಿವಿಯಲ್ಲಿ ಕೇಳಿಸಿಕೊಳ್ಳಲಿ. ಯಾವುದರಲ್ಲಿ ಅವಳಿಗೆ ಹೆಚ್ಚು ಸಿಗುತ್ತೆ ನೋಡಿ. ಹೆಸರಘಟ್ಟದಲ್ಲಿ ಕ್ಯಾಮೆರಾದ್ದು ಬೇರೆ, ಸೌಂಡಿಂದು ಬೇರೆ ಡಿಪ್ಲೊಮಾ. ಅರ್ಜಿ ಹಾಕೋ ಮುಂಚೆ ಯಾವುದು ಅಂತ ಗೊತ್ತಾಗಬೇಕಲ್ಲ.